ವಾಟ್ಸ್ಆ್ಯಪ್ ಸುದ್ದಿಯ ಮೇಲೆ ಪಿಎಚ್.ಡಿ.: 384 ಫಾರ್ಮ್ ತುಂಬಿಸಿದರೆ ಸಾಕೇ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನವಳು. ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಹೋದ ವರ್ಷ ಪಿಎಚ್.ಡಿ.ಗೆ ನೋಂದಣಿಯಾಗಿದೆ. ವಿಷಯ: ‘ಕೋಲಾರ ಜಿಲ್ಲೆಯ ಗ್ರಾಮೀಣ ಜನರ ಮೇಲೆ ವಾಟ್ಸ್ಆ್ಯಪ್ ಸುದ್ದಿಗಳ ಪ್ರಭಾವ: ಒಂದು ಅಧ್ಯಯನ’. ನಮ್ಮ ತಾಲ್ಲೂಕಿನ ಸುದ್ದಿ ಗ್ರೂಪ್‌ಗಳು, ಮಾವು-ಟೊಮೆಟೊ ದರದ ಗ್ರೂಪ್‌ಗಳು ಹೀಗೆ ಹತ್ತು ಹದಿನೈದರಲ್ಲಿ ನಾನಿದ್ದೇನೆ. ಸೀನಿಯರ್ ಒಬ್ಬರು, ‘384 ಜನರಿಂದ ಗೂಗಲ್ ಫಾರ್ಮ್ ತುಂಬಿಸು, ಎಸ್‌ಪಿಎಸ್‌ಎಸ್ ಸಾಫ್ಟ್‌ವೇರಿನಲ್ಲಿ ಲೆಕ್ಕ ಮಾಡಿಕೊಡುವವರು ಬೆಂಗಳೂರಲ್ಲಿ ಸಿಗ್ತಾರೆ, ಮುಗೀತು’ ಎನ್ನುತ್ತಾರೆ. ಇನ್ನೊಬ್ಬರು, ‘ನೀನೇ ಗ್ರೂಪ್ ಮೆಂಬರ್ ಅಲ್ವಾ, ಸ್ಕ್ರೀನ್‌ಶಾಟ್ ತಗೊಂಡು ಹಾಕು, ಯಾರ ಪರ್ಮಿಷನ್ನೂ ಬೇಡ’ ಎಂದರು. ನಮ್ಮ ಚಿಕ್ಕಪ್ಪನ ಮಗ, ನನಗೆ ಅಣ್ಣನಾಗಬೇಕು, ಪತ್ರಿಕೆಯೊಂದಕ್ಕೆ ತಾಲ್ಲೂಕು ವರದಿಗಾರ. ಒಂದು ಗ್ರೂಪಿಗೆ ಅವನೇ ಅಡ್ಮಿನ್. ‘ನಮ್ಮ ಹೆಸರು ಹಾಕಬೇಡಮ್ಮ, ನಾವು ಇಲ್ಲೇ ಬಾಳಬೇಕು’ ಎಂದು ಹೇಳಿದ್ದಾನೆ. ಎರಡು ಲೇಖನ ಪ್ರಕಟವಾಗಿರಲೇಬೇಕು, ದುಡ್ಡು ಕಟ್ಟಿದರೆ ವಾರದಲ್ಲಿ ಹಾಕಿಕೊಡುತ್ತಾರೆ ಎಂದೂ ಕೇಳಿದೆ. ಇಷ್ಟರ ಮೇಲೆ, ‘ವಾಟ್ಸ್ಆ್ಯಪ್ ಓದೋದೂ ಒಂದು ಸಂಶೋಧನೆಯಾ?’ ಎನ್ನುವವರೂ ಇದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಅವೆಲ್ಲದರ ಬುಡದಲ್ಲಿರುವ ಆತಂಕ ಒಂದೇ ಅನ್ನಿಸಿತು. ದಿನಾ ಕಣ್ಣೆದುರು ನಡೆಯುತ್ತಿರುವುದನ್ನು, ಅದರಲ್ಲೂ ಒಂದು ಸಣ್ಣ ಊರಿನಲ್ಲಿ ನಡೆಯುತ್ತಿರುವುದನ್ನು, ವಿಶ್ವವಿದ್ಯಾಲಯದವರು ಸಂಶೋಧನೆ ಎಂದು ಒಪ್ಪುತ್ತಾರೆಯೇ? ಒಪ್ಪಿಸಬೇಕಾದರೆ ಅದಕ್ಕೆ ಶೇಕಡಾವಾರಿನ ಕೋಟು ತೊಡಿಸಲೇಬೇಕೇ? ಬೇಡ ಎನ್ನುವುದು ನನ್ನ ಉತ್ತರ. ಹಲವು ವರ್ಷಗಳಿಂದ ಪ್ರಬಂಧಗಳನ್ನು ಓದುತ್ತ, ವೈವಾಗಳಲ್ಲಿ (ಮೌಖಿಕ ಪರೀಕ್ಷೆಗಳಲ್ಲಿ) ಕೂರುತ್ತ ಬಂದವಳಾಗಿ ಹೇಳುವುದಾದರೆ, ನೀವು ಜನರನ್ನು ಎಣಿಸಲು ಹೋಗಬೇಡಿ, ಸುದ್ದಿಯ ಬೆನ್ನು ಹತ್ತಿ. ಹೇಗೆ ಎನ್ನುವುದನ್ನು ವಿವರವಾಗಿಯೇ ಹೇಳುತ್ತೇನೆ.

ಮೊದಲು ಆ ‘ಇದೂ ಒಂದು ಸಂಶೋಧನೆಯಾ’ ಎಂಬ ಮಾತು. ನಮ್ಮ ಶಾಸ್ತ್ರದ ಬುನಾದಿ ಬಿದ್ದದ್ದೇ ಸಣ್ಣ ಊರುಗಳಲ್ಲಿ, ಸಣ್ಣ ಪ್ರಶ್ನೆಗಳ ಮೇಲೆ. 1949ರಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಸಂಶೋಧಕ ಅಮೆರಿಕದ ಮಧ್ಯಮ ಗಾತ್ರದ ಊರಿನ ಪತ್ರಿಕೆಯೊಂದರ ಒಬ್ಬನೇ ಒಬ್ಬ ಉಪಸಂಪಾದಕನನ್ನು ಹಿಡಿದು ಕೂತರು. ಸುದ್ದಿಸಂಸ್ಥೆಗಳಿಂದ ತಂತಿಯಲ್ಲಿ ಬರುವ ಸುದ್ದಿಯಲ್ಲಿ ಯಾವುದನ್ನು ಬಿಟ್ಟೆ, ಏಕೆ ಬಿಟ್ಟೆ ಎಂದು ಅವನಿಂದ ಒಂದು ವಾರ ಬರೆಸಿಕೊಂಡರು. ಬಂದದ್ದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕಸದ ಬುಟ್ಟಿಗೆ ಹೋಗುತ್ತಿತ್ತು. ಅವನು ಬರೆದ ಕಾರಣಗಳಲ್ಲಿ ಎಷ್ಟೋ ಅವನ ಸ್ವಂತ ಇಷ್ಟಾನಿಷ್ಟಗಳೇ ಆಗಿದ್ದವು. 1950ರಲ್ಲಿ ಪ್ರಕಟವಾದ ಆ ಅಧ್ಯಯನದಿಂದಲೇ ‘ದ್ವಾರಪಾಲಕ’ ಸಿದ್ಧಾಂತ ಪತ್ರಿಕೋದ್ಯಮದ ತರಗತಿಗಳಿಗೆ ಬಂತು. ಮ್ಯಾಕ್‌ಕೂಂಬ್ಸ್ ಮತ್ತು ಶಾ ಅವರ ಕಾರ್ಯಸೂಚಿ ಸಿದ್ಧಾಂತವನ್ನು, ಅಂದರೆ ಜನ ಯಾವುದರ ಬಗ್ಗೆ ಯೋಚಿಸಬೇಕೆಂದು ಮಾಧ್ಯಮ ತೋರಿಸಿಕೊಡುತ್ತದೆ ಎಂಬುದನ್ನು, ನೀವೇ ಪಾಠ ಮಾಡುತ್ತಿರಬಹುದು. 1972ರಲ್ಲಿ ಪ್ರಕಟವಾದ ಅದರ ಮೂಲ ಅಧ್ಯಯನ ನಡೆದದ್ದು ಚಾಪೆಲ್ ಹಿಲ್ ಎಂಬ ಕಾಲೇಜು ಊರಿನಲ್ಲಿ, 1968ರ ಚುನಾವಣೆಯಲ್ಲಿ ಯಾರಿಗೆ ಮತ ಹಾಕುವುದೆಂದು ಇನ್ನೂ ನಿರ್ಧರಿಸದ 100 ಮತದಾರರನ್ನು ಮಾತಾಡಿಸಿ. ನಿಮ್ಮಣ್ಣ ಬೆಳಿಗ್ಗೆ ಆರಕ್ಕೆ ಫೋನು ಕೈಗೆತ್ತಿಕೊಂಡು, ಬಂದ ಮೂವತ್ತು ಸಂದೇಶಗಳಲ್ಲಿ ನಾಲ್ಕನ್ನು ಮಾತ್ರ ಗ್ರೂಪಿಗೆ ಹಾಕುತ್ತಾನಲ್ಲ, ವೈಟ್ ಅಧ್ಯಯನ ಮಾಡಿದ ಕುರ್ಚಿಯಲ್ಲೇ ಅವನೂ ಕೂತಿದ್ದಾನೆ. ಆ ಮೂವತ್ತು ನಾಲ್ಕಾಗುವ ಬಗೆಯನ್ನು ನಮ್ಮ ತಾಲ್ಲೂಕುಗಳಲ್ಲಿ ಕೂತು ದಾಖಲಿಸಿದವರು ತೀರಾ ಕಡಿಮೆ.

ಇನ್ನು 384. ಈ ಸಂಖ್ಯೆ ಎಲ್ಲಿಂದ ಬಂತು ಎಂದು ವೈವಾದಲ್ಲಿ ಕೇಳಿದರೆ ಮುಕ್ಕಾಲು ಪಾಲು ವಿದ್ಯಾರ್ಥಿಗಳು ಸುಮ್ಮನಾಗುತ್ತಾರೆ. ಲೆಕ್ಕ ಸರಳ. 95 ಶೇಕಡಾ ವಿಶ್ವಾಸಮಟ್ಟಕ್ಕೆ ಬಳಸುವ 1.96ರ ವರ್ಗವನ್ನು 0.25ರಿಂದ (ಅರ್ಧ ಜನ ಹೌದು, ಅರ್ಧ ಜನ ಇಲ್ಲ ಎನ್ನುತ್ತಾರೆಂದು ಹಿಡಿದು, 0.5ರ ವರ್ಗ) ಗುಣಿಸಿ, 5 ಶೇಕಡಾ ದೋಷದ ವರ್ಗವಾದ 0.0025ರಿಂದ ಭಾಗಿಸಿದರೆ 384.16 ಬರುತ್ತದೆ. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ. ಜನಸಂಖ್ಯೆಯ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇರಬೇಕು, ಚೀಟಿ ಎತ್ತಿದಂತೆ ಆಯ್ಕೆ ನಡೆದಿರಬೇಕು. ನೀವು ಗೂಗಲ್ ಫಾರ್ಮಿನ ಲಿಂಕನ್ನು ನಿಮ್ಮ ಗ್ರೂಪ್‌ಗಳಿಗೆ ಹಾಕಿದರೆ ತುಂಬುವವರು ಯಾರು? ನಿಮ್ಮ ವಿದ್ಯಾರ್ಥಿಗಳು, ಅವರ ಗೆಳೆಯರು, ನಾಲ್ಕು ಜನ ಸಹೋದ್ಯೋಗಿಗಳು. ರಾಯಲ್ಪಾಡಿನ ಕಡೆ ಹಳ್ಳಿಯಲ್ಲಿ ಮಗನ ಫೋನಿನಲ್ಲಿ ವಾಯ್ಸ್ ಮೆಸೇಜ್ ಕೇಳಿಸಿಕೊಳ್ಳುವ ಅಜ್ಜಿ ಆ ಫಾರ್ಮನ್ನು ತೆರೆಯುವುದಿಲ್ಲ. ಹಾಗೆ ಬಂದ 384 ಆದರೂ ಒಂದೇ, 3,840 ಆದರೂ ಒಂದೇ. ಅದು ‘ಕೋಲಾರ ಜಿಲ್ಲೆಯ ಗ್ರಾಮೀಣ ಜನ’ ಆಗುವುದಿಲ್ಲ. ಅದರ ಮೇಲೆ ಎಸ್‌ಪಿಎಸ್‌ಎಸ್‌ನಲ್ಲಿ ಕೈ ಸ್ಕ್ವೇರ್ ಪರೀಕ್ಷೆ ಹಾಕಿಸಿದರೂ ತಳದ ಬಿರುಕು ಮುಚ್ಚುವುದಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ಆಳದ್ದು. ‘ಫಾರ್ವರ್ಡ್ ಮಾಡುವ ಮುನ್ನ ನೀವು ಸುದ್ದಿಯನ್ನು ಪರಿಶೀಲಿಸುತ್ತೀರಾ?’ ಎಂದು ಕೇಳಿದರೆ ಹೆಚ್ಚಿನವರು ಹೌದು ಎನ್ನುತ್ತಾರೆ. ಅವರು ಸುಳ್ಳು ಹೇಳಬೇಕೆಂದು ಹೇಳುವುದಲ್ಲ. ಮೇಡಂ ಕೇಳುತ್ತಿದ್ದಾರೆ, ಒಳ್ಳೆಯ ಉತ್ತರ ಕೊಡೋಣ ಎನ್ನುವುದು ಮನುಷ್ಯರ ಸ್ವಭಾವ. ಫೋನ್ ಬಳಕೆಯ ಬಗ್ಗೆ ಜನ ಹೇಳುವ ಮಾತನ್ನೂ ಫೋನಿನಲ್ಲೇ ದಾಖಲಾದ ಬಳಕೆಯನ್ನೂ ಹೋಲಿಸಿದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ನಡೆದ ವಿಶ್ಲೇಷಣೆಯೊಂದು, ಇವೆರಡರ ನಡುವೆ ಸಾಧಾರಣ ಮಟ್ಟದ ಹೊಂದಾಣಿಕೆಯಷ್ಟೇ ಇದೆ ಎಂದು ತೋರಿಸಿತು. ದಿನಕ್ಕೆ ಎಷ್ಟು ಹೊತ್ತು ಎಂಬ ಸರಳ ಪ್ರಶ್ನೆಯ ಕಥೆಯೇ ಹೀಗಾದರೆ, ನಂಬಿಕೆ, ಪರಿಶೀಲನೆ, ಪ್ರಭಾವದಂಥ ಪ್ರಶ್ನೆಗಳ ಗತಿ ಏನೆಂದು ನೀವೇ ಯೋಚಿಸಿ.

ನಿಮ್ಮ ಶೀರ್ಷಿಕೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಆ ‘ಪ್ರಭಾವ’. ಪ್ರಭಾವ ಇದೆ ಎಂದು ಹೇಳಬೇಕಾದರೆ, ಆ ಸುದ್ದಿ ತಲುಪದಿದ್ದವರು ಹೇಗಿದ್ದರು ಎಂಬುದೂ ಗೊತ್ತಿರಬೇಕು. ಸುಮಿತ್ರಾ ಬದರಿನಾಥನ್ ಎಂಬ ಸಂಶೋಧಕಿ 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಬಿಹಾರದಲ್ಲಿ 1,224 ಜನರನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಚೀಟಿ ಎತ್ತಿದಂತೆ ಆರಿಸಿದ ಕೆಲವರಿಗೆ ಮನೆಗೇ ಹೋಗಿ, ಸುಮಾರು ಒಂದು ಗಂಟೆ, ಸುಳ್ಳು ಸುದ್ದಿ ಗುರುತಿಸುವುದನ್ನು ಕಲಿಸಲಾಯಿತು. ಉಳಿದವರಿಗೆ ಇಲ್ಲ. ಆಮೇಲೆ ಎರಡೂ ಗುಂಪುಗಳನ್ನು ಹೋಲಿಸಿ ನೋಡಿದರೆ, ಒಟ್ಟಾರೆಯಾಗಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. 2021ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಬೆಲೆ ಬಂದದ್ದು ಹೋಲಿಸಲು ಇನ್ನೊಂದು ಗುಂಪು ಇತ್ತು ಎಂಬ ಕಾರಣಕ್ಕೆ, ಮತ್ತು ಬೇಕಾದ ಉತ್ತರ ಬರದಿದ್ದಾಗಲೂ ಅದನ್ನು ಹಾಗೇ ಬರೆದರು ಎಂಬ ಕಾರಣಕ್ಕೆ. ಆ ಮಟ್ಟದ ಪ್ರಯೋಗಕ್ಕೆ ಹಣ, ತಂಡ ಎರಡೂ ಬೇಕು. ಅತಿಥಿ ಉಪನ್ಯಾಸಕಿಯ ಸಂಬಳದಲ್ಲಿ ಅದು ಆಗುವ ಕೆಲಸವಲ್ಲ. ಹಾಗಾಗಿ ಪ್ರಭಾವವನ್ನು ಕೈಬಿಡಿ. ಸುದ್ದಿ ಹೇಗೆ ಹುಟ್ಟಿತು, ಹೇಗೆ ಚಲಿಸಿತು, ಚಲಿಸುತ್ತ ಏನು ಬದಲಾಯಿತು ಎಂಬುದನ್ನು ಹಿಡಿಯಿರಿ. ಇದನ್ನು ಶ್ರೀನಿವಾಸಪುರದಲ್ಲಿ ಕೂತು, ನಿಮ್ಮ ಫೋನು ಮತ್ತು ಒಂದು ನೋಟ್‌ಬುಕ್ಕಿನಿಂದ ಮಾಡಬಹುದು.

ನಿಮ್ಮ ಜಿಲ್ಲೆಯದೇ ಒಂದು ಉದಾಹರಣೆ ಕೊಡುತ್ತೇನೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದಲ್ಲಿದ್ದ, ತೈವಾನ್ ಮೂಲದ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಕಾರ್ಮಿಕರ ಆಕ್ರೋಶ ಸ್ಫೋಟಿಸಿತು, ದಾಂಧಲೆಯಾಯಿತು. ಪೊಲೀಸ್ ದೂರಿನಲ್ಲಿ ನಮೂದಾದ ನಷ್ಟ ಸುಮಾರು 437 ಕೋಟಿ ರೂಪಾಯಿ. ಆ ಅಂಕಿ ದೇಶದ ಎಲ್ಲ ಕಡೆ ತಲೆಬರಹವಾಯಿತು. ಕೆಲವೇ ದಿನಗಳಲ್ಲಿ ಅದೇ ಕಂಪನಿ ತೈವಾನಿನ ಷೇರುಪೇಟೆಗೆ ಕೊಟ್ಟ ವಿವರಣೆಯಲ್ಲಿ ನಷ್ಟ 10ರಿಂದ 20 ಕೋಟಿ ತೈವಾನ್ ಡಾಲರ್ ಇರಬಹುದು ಎಂದಿತು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 26ರಿಂದ 52 ಕೋಟಿ. ಈಗ ಸಂಶೋಧಕಿಯಾಗಿ ಕೇಳಿಕೊಳ್ಳಿ: ಕೋಲಾರದ ಪತ್ರಿಕೆಗಳಲ್ಲಿ 437 ಎಷ್ಟು ಬಾರಿ, ಯಾವ ಪುಟದಲ್ಲಿ, ಎಷ್ಟು ದೊಡ್ಡದಾಗಿ ಬಂತು? ಎರಡನೇ ಅಂಕಿ ಬಂತೇ? ಬಂದಿದ್ದರೆ ಎಷ್ಟನೇ ದಿನ, ಎಷ್ಟು ಸಾಲು? ಮೊದಲ ಅಂಕಿಯನ್ನು ‘ಪೊಲೀಸ್ ದೂರಿನ ಪ್ರಕಾರ’ ಎಂದು ಬರೆದರೋ, ಮೂಲ ಹೇಳದೆ ಸತ್ಯವೆಂದೇ ಬರೆದರೋ? ಕಾರ್ಮಿಕರ ಸಂಬಳದ ಮಾತು ಎಷ್ಟನೇ ಪ್ಯಾರಾದಲ್ಲಿತ್ತು? ಈ ಪ್ರಶ್ನೆಗಳಿಗೆ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಉತ್ತರ ಇದೆ. ಯಾರ ಅಭಿಪ್ರಾಯವನ್ನೂ ಕೇಳಬೇಕಿಲ್ಲ, ಯಾರೂ ನಿಮಗೆ ಒಳ್ಳೆಯವರಾಗಿ ಕಾಣಲು ಉತ್ತರ ತಿದ್ದುವುದಿಲ್ಲ. ಹಳೆಯ ಘಟನೆಗಳಿಗೆ ಪತ್ರಿಕೆಯೇ ಆಧಾರ. ಗ್ರೂಪಿನ ಹಳೆಯ ಸಂದೇಶಗಳನ್ನು ಜನ ಎಂದೋ ಅಳಿಸಿರುತ್ತಾರೆ.

ನಡೆಯುತ್ತಿರುವ ವಿಷಯಕ್ಕೆ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಗಿಂತ ಒಳ್ಳೆಯದು ನಿಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿತು, ಹೈಕೋರ್ಟ್ ತಡೆ ಕೊಟ್ಟಿತು. ಅದು ತೆರವಾದ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ, ಅದೂ ಮುಗಿದು ಮತ್ತೆ ನೀರು. ಅಂದಿನಿಂದ ಇಂದಿನವರೆಗೆ ಒಬ್ಬರಿಗೆ ಅದು ‘ಅಂತರ್ಜಲ’, ಇನ್ನೊಬ್ಬರಿಗೆ ‘ಕೊಳಚೆ ನೀರು’, ಹೋರಾಟಗಾರರಿಗೆ ‘ಮೂರನೇ ಹಂತದ ಶುದ್ಧೀಕರಣ’ದ ಬೇಡಿಕೆ. ಅದೇ ನೀರಿಗೆ ಇಲಾಖೆಯ ಪತ್ರಿಕಾ ಪ್ರಕಟಣೆ ಯಾವ ಹೆಸರಿಡುತ್ತದೆ, ಗ್ರೂಪಿನ ಅಡ್ಮಿನ್ ಯಾವ ಹೆಸರಿಡುತ್ತಾನೆ, ಮಾರನೇ ದಿನದ ಪತ್ರಿಕೆ ಯಾವುದನ್ನು ಉಳಿಸಿಕೊಳ್ಳುತ್ತದೆ? ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಪ್ರಕಟಣೆ, ಗ್ರೂಪು, ಪತ್ರಿಕೆ. ಪ್ರಕಟಣೆಯಲ್ಲಿದ್ದ ವಾಕ್ಯ ಪತ್ರಿಕೆಯಲ್ಲಿ ಹಾಗೇ ಬಂದರೆ ಒಂದು ಬಣ್ಣ, ಬದಲಾದರೆ ಇನ್ನೊಂದು, ವರದಿಗಾರ ತಾನೇ ಹೋಗಿ ನೋಡಿ ಸೇರಿಸಿದ್ದರೆ ಮತ್ತೊಂದು. ಹತ್ತು ಸುದ್ದಿಗೆ ಹೀಗೆ ಬಣ್ಣ ಹಚ್ಚುವಷ್ಟರಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಸುದ್ದಿ ಯಾರ ಕೈಯಲ್ಲಿದೆ ಎಂಬುದು ಕಾಣಲು ಶುರುವಾಗುತ್ತದೆ. ಈಗ ಅನೇಕ ಸ್ಥಳೀಯ ಪತ್ರಿಕೆಗಳ ಪಿಡಿಎಫ್ ಬೆಳಿಗ್ಗೆಯೇ ಗ್ರೂಪಿಗೆ ಬರುವುದರಿಂದ ಸಂಗ್ರಹವೂ ಸುಲಭ. ಬಂದದ್ದನ್ನು ಅದೇ ದಿನ ತಾರೀಕಿನ ಹೆಸರಿಟ್ಟು ಉಳಿಸಿಕೊಳ್ಳಿ, ಎರಡು ಕಡೆ.

ವಾಟ್ಸ್ಆ್ಯಪ್‌ನಲ್ಲೇ ಕಾಣುವ ಒಂದು ಗುರುತನ್ನು ನಮ್ಮ ವಿದ್ಯಾರ್ಥಿಗಳು ಗಮನಿಸುವುದೇ ಇಲ್ಲ. ಅದು ಜೋಡಿ ಬಾಣ. ಮೊದಲು ಕಳಿಸಿದವರಿಂದ ಕನಿಷ್ಠ ಐದು ಕೈ ದಾಟಿ ಬಂದ ಸಂದೇಶಕ್ಕೆ ಆ ಗುರುತು ಬೀಳುತ್ತದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿಯಿಂದ ದೇಶದ ಹಲವೆಡೆ, ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ, ಜನ ಹೊಡೆದು ಕೊಂದ ಪ್ರಕರಣಗಳು ನಡೆದ ಮೇಲೆ ಕಂಪನಿ ಭಾರತದಲ್ಲಿ ಒಂದು ಬಾರಿಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ ಜೋಡಿ ಬಾಣದ ಸಂದೇಶಕ್ಕೆ ಒಂದೇ ಚಾಟ್ ಎಂದಿತು. ಊರಿನವರೇ ಬರೆದ ಸುದ್ದಿ ಯಾವುದು, ಎಲ್ಲಿಂದಲೋ ತೇಲಿಬಂದದ್ದು ಯಾವುದು ಎಂದು ಬೇರ್ಪಡಿಸಲು ಆ ಗುರುತು ಸಾಕಷ್ಟು ನೆರವಾಗುತ್ತದೆ. ಬೇರೆ ದಾರಿಗಳು ಒಂದೊಂದಾಗಿ ಮುಚ್ಚುತ್ತಿವೆ. ಟ್ವಿಟರ್ 2023ರಲ್ಲಿ ದತ್ತಾಂಶ ಪಡೆಯಲು ಬಳಸುತ್ತಿದ್ದ ಉಚಿತ ಎಪಿಐ ನಿಲ್ಲಿಸಿತು, ಫೇಸ್‌ಬುಕ್ ಪುಟಗಳನ್ನು ನೋಡಲು ಸಂಶೋಧಕರು ನೆಚ್ಚಿಕೊಂಡಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್ 14ರಂದು ಮುಚ್ಚಿತು. ಹಳೆಯ ಪ್ರಬಂಧಗಳ ವಿಧಾನದ ಅಧ್ಯಾಯವನ್ನು ನೋಡಿ ನಿಮ್ಮದನ್ನು ಬರೆಯಲು ಹೊರಟರೆ ಇಲ್ಲದ ಬಾಗಿಲನ್ನು ತಟ್ಟಿದಂತಾಗುತ್ತದೆ.

ಸುದ್ದಿಯನ್ನು ವಿಂಗಡಿಸುವಾಗ ಎದುರಾಗುವ ಒಂದು ಗಂಡಾಂತರವನ್ನು ಹತ್ತಿರದಿಂದ ತೋರಿಸಬೇಕು, ಏಕೆಂದರೆ ಎಷ್ಟೋ ಪ್ರಬಂಧಗಳು ಬೀಳುವುದು ಇಲ್ಲೇ. ಉದಾಹರಣೆಗೆ ಗ್ರೂಪಿನಲ್ಲಿ ಹೀಗೊಂದು ಸಂದೇಶ ಬಂತೆನ್ನಿ: ‘ಕೆರೆಗೆ ನೀರು ಬಂದ ಮೇಲೆ ನಮ್ಮ ಬೋರ್‌ವೆಲ್ ಮತ್ತೆ ನೀರು ಕೊಡ್ತಿದೆ, ಆದ್ರೆ ಕುಡಿಯೋಕೆ ಧೈರ್ಯ ಇಲ್ಲ.’ ಇದು ಮಾಹಿತಿಯೋ, ಅಭಿಪ್ರಾಯವೋ? ನೀವು ಮಾಹಿತಿ ಎನ್ನುತ್ತೀರಿ, ನಿಮ್ಮ ಗೆಳತಿ ಅಭಿಪ್ರಾಯ ಎನ್ನುತ್ತಾಳೆ. ಅದಕ್ಕೇ ಒಂದೇ ಸಂದೇಶಗಳನ್ನು ಇಬ್ಬರು ಪ್ರತ್ಯೇಕವಾಗಿ ವಿಂಗಡಿಸಿ ತಾಳೆ ನೋಡಬೇಕು. 100 ಸಂದೇಶಗಳಲ್ಲಿ 80ಕ್ಕೆ ಇಬ್ಬರ ಉತ್ತರವೂ ಒಂದೇ ಬಂತು ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ 70ಕ್ಕೆ ಮಾಹಿತಿ, 30ಕ್ಕೆ ಅಭಿಪ್ರಾಯ ಎಂದು ಹಾಕಿದ್ದರೆ, ಕಣ್ಣು ಮುಚ್ಚಿ ಹಾಕಿದ್ದರೂ 58 ಸಂದೇಶಗಳಲ್ಲಿ ಉತ್ತರ ಕೂಡಿಬರುತ್ತಿತ್ತು: 0.7ರ ವರ್ಗ 0.49, 0.3ರ ವರ್ಗ 0.09, ಎರಡೂ ಸೇರಿ 0.58. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆ ಈ ಅದೃಷ್ಟದ ಪಾಲನ್ನು ಕಳೆದು ನೋಡುತ್ತದೆ. 0.80ರಲ್ಲಿ 0.58 ಕಳೆದು, ಉಳಿದ 0.22ನ್ನು 0.42ರಿಂದ (1ರಲ್ಲಿ 0.58 ಕಳೆದರೆ ಉಳಿಯುವುದು) ಭಾಗಿಸಿದರೆ ಬರುವುದು ಸುಮಾರು 0.52. ವಸ್ತು ವಿಶ್ಲೇಷಣೆಯ ವಿದ್ವಾಂಸ ಕ್ರಿಪ್ಪೆನ್‌ಡಾರ್ಫ್ ತಮ್ಮದೇ ಅಳತೆಯಾದ ಆಲ್ಫಾಗೆ 0.80 ಇರಲಿ, 0.667ಕ್ಕಿಂತ ಕೆಳಗಿದ್ದರೆ ನೆಚ್ಚಬೇಡಿ ಎನ್ನುತ್ತಾರೆ. ಆ ಮಟ್ಟಕ್ಕೆ ನೋಡಿದರೆ ಈ 0.52 ಸಾಲದು. ಯಾವ ಸಂದೇಶವನ್ನು ಯಾವ ಗುಂಪಿಗೆ ಹಾಕಬೇಕೆಂದು ಹೇಳುವ ಕೋಡ್ ಬುಕ್ಕಿನ ನಿಯಮಗಳನ್ನೇ ಮತ್ತೆ ಬರೆಯಬೇಕು. ಅದು ನಿಮ್ಮ ಸೋಲಲ್ಲ, ಕೆಲಸ ಇರುವುದೇ ಹಾಗೆ.

ನಿಮ್ಮ ಕಡೆ ಇನ್ನೊಂದು ತೊಡಕಿದೆ. ಸುದ್ದಿ ಕನ್ನಡದಲ್ಲಿ ಬಂದರೆ ಅದರ ಕೆಳಗಿನ ವಾಯ್ಸ್ ಮೆಸೇಜ್ ತೆಲುಗಿನಲ್ಲಿರುತ್ತದೆ, ಕೆಲವರು ತೆಲುಗನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ಹುಡುಗರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಪದ ಹುಡುಕಿ ಎಣಿಸುವ ಸಾಫ್ಟ್‌ವೇರ್ ಇಲ್ಲಿ ಕೈಕೊಡುತ್ತದೆ. ಶ್ರೀನಿವಾಸಪುರದಲ್ಲಿ ಹುಟ್ಟಿ ಬೆಳೆದ ನಿಮಗೆ ಎರಡೂ ಭಾಷೆ ಕಿವಿಗೆ ಗೊತ್ತು. ನೀವು ಇದನ್ನು ಕೊರತೆ ಎಂದುಕೊಂಡಿದ್ದರೆ, ಹೊರಗಿನಿಂದ ಬಂದ ಯಾವ ಸಂಶೋಧಕರಿಗೂ ಇಲ್ಲದ ಬಲ ಅದು. ಇಬ್ಬರಲ್ಲಿ ಎರಡನೆಯವರಾಗಿ ವಿಂಗಡಿಸುವವರಿಗೂ ತೆಲುಗು ಬರುವಂತೆ ನೋಡಿಕೊಳ್ಳಿ.

ಈಗ ಸ್ಕ್ರೀನ್‌ಶಾಟಿನ ವಿಚಾರ. ‘ಮೆಂಬರ್ ಆಗಿದ್ದರೆ ಪರ್ಮಿಷನ್ ಬೇಡ’ ಎಂಬುದು ನನಗೆ ಸಿಟ್ಟು ತರಿಸುವ ಸಲಹೆ. ಓದಲು ಸಿಕ್ಕ ಅವಕಾಶ ಬೇರೆ, ಪುಸ್ತಕಕ್ಕೆ ಹಾಕಲು ಸಿಕ್ಕ ಒಪ್ಪಿಗೆ ಬೇರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇರುವುದು ನಿಜ. ಆದರೆ ಅದು ಷರತ್ತಿನ ವಿನಾಯಿತಿ: ಆ ಮಾಹಿತಿಯನ್ನು ಬಳಸಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ನಿರ್ಧಾರವನ್ನೂ ಮಾಡಬಾರದು, ನಿಗದಿಪಡಿಸಿದ ಮಾನದಂಡಗಳನ್ನು ಪಾಲಿಸಬೇಕು. ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯವಾಗುವುದಿಲ್ಲ, ಅದೂ ನಿಜ. ಇನ್ನೂರು ಜನರಿರುವ ಗ್ರೂಪಿನಲ್ಲಿ ಪರಿಚಿತರ ನಡುವೆ ಆಡಿದ ಮಾತನ್ನು ಹಾಗೆಂದು ಧೈರ್ಯವಾಗಿ ಹೇಳುವಂತಿಲ್ಲ. ಬಹಿರಂಗ ಲಿಂಕ್ ಮೂಲಕ ಯಾರು ಬೇಕಾದರೂ ಸೇರಬಹುದಾದ ರಾಜಕೀಯ ಗ್ರೂಪ್‌ಗಳ ಮೇಲೆ ಕಿರಣ್ ಗರಿಮೆಲ್ಲ ಮತ್ತು ಡೀನ್ ಎಕಲ್ಸ್ ಮಾಡಿದ ಅಧ್ಯಯನ 2020ರಲ್ಲಿ ಬಂತು. ಆ ಗ್ರೂಪ್‌ಗಳಲ್ಲಿ ಹಂಚಿಕೆಯಾದ ಚಿತ್ರಗಳಲ್ಲಿ ಸುಮಾರು 13 ಶೇಕಡಾ ಸುಳ್ಳು ಮಾಹಿತಿಯವು ಎಂದು ಅವರು ಕಂಡರು. ಅದನ್ನು ತೋರಿಸಿ ‘ಅವರು ಮಾಡಿಲ್ಲವೇ’ ಎನ್ನಬೇಡಿ. ಅವರು ನೋಡಿದ್ದು ತೆರೆದ ಬಾಗಿಲಿನ ಗ್ರೂಪ್‌ಗಳನ್ನು, ಒಟ್ಟಾರೆಯಾಗಿ. ನಿಮ್ಮದು ಒಬ್ಬರಿಗೊಬ್ಬರು ಮದುವೆ-ತಿಥಿಗೆ ಹೋಗಿಬರುವವರ ಗ್ರೂಪು.

ಹೆಸರು ಅಳಿಸಿದರೆ ಸಾಕು ಎನ್ನುವುದೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ 2008ರಲ್ಲಿ ಒಂದು ಕಾಲೇಜಿನ ವಿದ್ಯಾರ್ಥಿಗಳ ಫೇಸ್‌ಬುಕ್ ಮಾಹಿತಿಯನ್ನು ಹೆಸರಿಲ್ಲದೆ ಬಿಡುಗಡೆ ಮಾಡಿದರು. ಅದು ಯಾವ ಕಾಲೇಜು ಎಂದು ಹೊರಗಿನವರು ಬಹುಬೇಗ ಪತ್ತೆ ಹಚ್ಚಿದರು. ಅಲ್ಲೇ ಹಾಗಾದರೆ ನಮ್ಮಲ್ಲಿ ಕೇಳಬೇಕೇ? ‘ಶ್ರೀನಿವಾಸಪುರದ ಒಬ್ಬ ವರದಿಗಾರ, ನಲವತ್ತು ವಯಸ್ಸು, ಸ್ವಂತ ಗ್ರೂಪ್ ಇದೆ’ ಎಂದು ಬರೆದರೆ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಕೂತವರು ಹೆಸರು ಹೇಳಿಬಿಡುತ್ತಾರೆ. ನಿಮ್ಮಣ್ಣನ ಭಯ ಅಲ್ಲಿಂದಲೇ ಬಂದದ್ದು, ಅದಕ್ಕೆ ಆಧಾರವೂ ಇದೆ. ತಾಲ್ಲೂಕು ವರದಿಗಾರರಲ್ಲಿ ಅನೇಕರಿಗೆ ಸಂಬಳ ಎನ್ನುವಂಥದ್ದಿಲ್ಲ, ಜಾಹೀರಾತಿನ ಕಮಿಷನ್ನೇ ಆದಾಯ. ಹುಟ್ಟುಹಬ್ಬದ ಜಾಹೀರಾತು ಕೊಡುವ ಮುಖಂಡರ ಬಗ್ಗೆ ಯಾವ ಸುದ್ದಿ ಹಾಕುವುದಿಲ್ಲ ಎಂದು ಅವನು ನಿಮಗೆ ನಂಬಿ ಹೇಳಿದರೆ, ಆ ಮಾತು ಅವನ ಅನ್ನಕ್ಕೆ ಸಂಬಂಧಪಟ್ಟದ್ದು. ಅದು ನಿಮಗೆ ಎಷ್ಟೇ ಅಮೂಲ್ಯವಾದ ದತ್ತಾಂಶವಾದರೂ, ಅವನು ಒಪ್ಪುವ ರೂಪದಲ್ಲೇ ಬರಬೇಕು.

ಹಾಗಾದರೆ ಏನು ಮಾಡುವುದು? ಹತ್ತು ಹದಿನೈದು ಗ್ರೂಪ್ ಬೇಡ, ಮೂರು ನಾಲ್ಕು ಸಾಕು. ಪ್ರತಿ ಅಡ್ಮಿನ್‌ಗೆ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಕೊಡಿ, ಓದಿ ಹೇಳಿ, ಸಹಿ ಪಡೆಯಿರಿ. ಅಡ್ಮಿನ್ ಒಪ್ಪಿದ ಮಾತ್ರಕ್ಕೆ ಸದಸ್ಯರೆಲ್ಲ ಒಪ್ಪಿದಂತಲ್ಲ. ಆದ್ದರಿಂದ ನೀವು ಯಾರು, ಏನು ನೋಡುತ್ತಿದ್ದೀರಿ, ಬೇಡವೆನ್ನುವವರು ಹೇಗೆ ತಿಳಿಸಬೇಕು ಎಂದು ಗ್ರೂಪಿನಲ್ಲೇ ಸಂದೇಶ ಹಾಕಿ, ಹೊಸಬರು ಸೇರುತ್ತಲೇ ಇರುವುದರಿಂದ ಆಗಾಗ ಮತ್ತೆ ಹಾಕಿ. ಅಡ್ಮಿನ್‌ಗಳು ಹಾಕುವ ಸುದ್ದಿಯನ್ನಷ್ಟೇ ದಾಖಲಿಸಿ, ಸದಸ್ಯರ ಹರಟೆ, ಜಗಳ, ಶ್ರದ್ಧಾಂಜಲಿಗಳನ್ನು ಮುಟ್ಟಬೇಡಿ. ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿದರೆ ಹೆಸರು, ನಂಬರು ಸಮೇತ ಎಲ್ಲ ಬರುತ್ತದೆ, ಅದನ್ನು ಮಾಡದಿರುವುದೇ ಕ್ಷೇಮ. ದಿನಾಂಕ, ಹೊತ್ತು, ಸುದ್ದಿಯ ಸಾರ, ಬಾಣದ ಗುರುತು, ಇವನ್ನು ಕೈಯಾರೆ ಶೀಟಿಗೆ ಬರೆದುಕೊಳ್ಳಿ. ಪ್ರಬಂಧದಲ್ಲಿ ಸಂದೇಶಗಳ ಸಾರ ಕೊಡಿ. ಅಕ್ಷರಶಃ ಉದ್ಧರಿಸಿದರೆ ಯಾರದೆಂದು ಗ್ರೂಪಿನವರಿಗೆ ಗೊತ್ತಾಗುತ್ತದೆ. ತಾಲ್ಲೂಕಿನ ಹೆಸರು ಬಿಟ್ಟು ‘ಜಿಲ್ಲೆಯ ತಾಲ್ಲೂಕೊಂದು’ ಎನ್ನಬಹುದು. ನಿಮ್ಮಣ್ಣನ ಗ್ರೂಪನ್ನು ಅಧ್ಯಯನದಿಂದ ಹೊರಗಿಡುವುದು ಒಳ್ಳೆಯದು, ಅವನಿಗೂ ನಿಮಗೂ. ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು, ಬೇರೆ ಅಡ್ಮಿನ್‌ಗಳ ಪರಿಚಯ ಮಾಡಿಕೊಳ್ಳಲು ಅವನ ನೆರವು ಪಡೆಯಿರಿ, ಹಾಗೆ ಪಡೆದದ್ದನ್ನು ಪ್ರಬಂಧದ ವಿಧಾನದ ಅಧ್ಯಾಯದಲ್ಲಿ ಬರೆಯಿರಿ.

ಈ ದಾರಿಗೂ ಅಪಾಯಗಳಿವೆ. ನಡುವೆ ಒಬ್ಬ ಅಡ್ಮಿನ್ ‘ಬೇಡಮ್ಮ’ ಎಂದರೆ ಆ ಗ್ರೂಪಿನ ಅಷ್ಟೂ ಟಿಪ್ಪಣಿ ಬಿಡಬೇಕು. ಅದಕ್ಕೇ ಒಂದು ಹೆಚ್ಚಿಗೆ ಇಟ್ಟುಕೊಂಡಿರಿ. ಸಂಶೋಧಕಿ ನೋಡುತ್ತಿದ್ದಾಳೆ ಎಂದು ಗೊತ್ತಾದ ಮೇಲೆ ಮೊದಲ ಕೆಲವು ವಾರ ಅಡ್ಮಿನ್‌ಗಳು ತುಸು ಎಚ್ಚರಿಕೆಯಿಂದ ಹಾಕುತ್ತಾರೆ. ಆ ವಾರಗಳನ್ನು ವಿಶ್ಲೇಷಣೆಯಿಂದ ಕಳೆಯಿರಿ. ಮೂರು ಗ್ರೂಪು ನೋಡಿ ಇಡೀ ಜಿಲ್ಲೆಯ ಮಾತಾಡುವಂತಿಲ್ಲ, ಆ ಮಿತಿಯನ್ನು ಶೀರ್ಷಿಕೆಯೇ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅತಿಥಿ ಉಪನ್ಯಾಸಕಿಯ ಕೆಲಸ ವರ್ಷವರ್ಷಕ್ಕೂ ತೂಗುಯ್ಯಾಲೆ. ಸ್ಥಳೀಯ ಚುನಾವಣೆಯ ಹೊತ್ತಿನ ರಾಜಕೀಯ ಸುದ್ದಿಯನ್ನು ಬಿಟ್ಟು ನೀರು, ಮಾರುಕಟ್ಟೆ, ಆಸ್ಪತ್ರೆ, ರಸ್ತೆಯಂಥ ವಿಷಯ ಆರಿಸಿಕೊಂಡರೆ ಯಾರೂ ಅದನ್ನು ಹೇಡಿತನ ಎನ್ನಬಾರದು.

ಜನರನ್ನೇ ಕೇಳಬೇಕು ಎಂದು ಗೈಡ್ ಪಟ್ಟು ಹಿಡಿದರೆ ಸಮೀಕ್ಷೆಗೂ ಒಂದು ನೇರ ದಾರಿ ಇದೆ. ತಾಲ್ಲೂಕಿನ ಹಳ್ಳಿಗಳ ಪಟ್ಟಿಯಿಂದ ಚೀಟಿ ಎತ್ತಿ ಕೆಲವನ್ನು ಆರಿಸಿ, ಪ್ರತಿ ಹಳ್ಳಿಯಲ್ಲಿ ನಿಗದಿತ ಅಂತರದ ಮನೆಗಳಿಗೆ ಹೋಗಿ, ಎದುರು ಕೂತು ಕೇಳಿ. ನಂಬುತ್ತೀರಾ ಎಂದು ಕೇಳಬೇಡಿ. ನಿನ್ನೆ ಊರಿನ ಯಾವ ಸುದ್ದಿ ಗೊತ್ತಾಯಿತು, ಮೊದಲು ಯಾರಿಂದ, ಫೋನು ಯಾರದು ಎಂದು ಕೇಳಿ. ಮನೆಯ ಗಂಡಸರು ಪಕ್ಕದಲ್ಲಿದ್ದರೆ ಹೆಂಗಸರ ಉತ್ತರ ಬದಲಾಗುತ್ತದೆ, ಅದಕ್ಕೆ ಬೇರೆ ಹೊತ್ತಿನಲ್ಲಿ ಹೋಗಬೇಕು. ಖರ್ಚು, ಓಡಾಟ ಎರಡೂ ಹೆಚ್ಚು. ಎಸ್‌ಪಿಎಸ್‌ಎಸ್ ಅನ್ನು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸುವುದು ಮಾತ್ರ ಬೇಡ. ವೈವಾದಲ್ಲಿ ಆ ಕೋಷ್ಟಕದ ಎದುರು ನಿಲ್ಲಬೇಕಾದವರು ನೀವು.

ಲೇಖನ ಪ್ರಕಟಣೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2022ರ ಯುಜಿಸಿ ಪಿಎಚ್.ಡಿ. ನಿಯಮಾವಳಿ ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ತೆಗೆದಿದೆ. ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದು, ಹಾಗಾಗಿ ನಿಮ್ಮ ವಿಶ್ವವಿದ್ಯಾಲಯದ ಈಗಿನ ಲಿಖಿತ ನಿಯಮವನ್ನು ಪಿಎಚ್.ಡಿ. ವಿಭಾಗದಿಂದ ಪಡೆದು ಓದಿ, ಕಾರಿಡಾರಿನ ಮಾತು ನಂಬಬೇಡಿ. ‘ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ’ ಎಂದು ಈಗಲೂ ಹೇಳಿ ದುಡ್ಡು ಕೇಳುವವರಿದ್ದಾರೆ. ಮಾನ್ಯ ಸಂಶೋಧನಾ ಪತ್ರಿಕೆಗಳ ಆ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಯುಜಿಸಿಯೇ ಕೈಬಿಟ್ಟಿತು. ವಾರದಲ್ಲಿ ಪ್ರಕಟಿಸುತ್ತೇವೆ ಎಂದರೆ ಯಾರೂ ಓದಿ ಪರಿಶೀಲಿಸುವುದಿಲ್ಲ ಎಂದೇ ಅರ್ಥ. ಕೃತಿಚೌರ್ಯದ ವಿಚಾರದಲ್ಲಿ 2018ರ ನಿಯಮಾವಳಿ 10 ಶೇಕಡಾವರೆಗಿನ ಸಾಮ್ಯಕ್ಕೆ ದಂಡನೆ ಇಟ್ಟಿಲ್ಲ, 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಕನ್ನಡದಲ್ಲಿ ಬರೆದರೆ ಸಾಫ್ಟ್‌ವೇರ್ ಹಿಡಿಯುವುದಿಲ್ಲ ಎಂಬ ಧೈರ್ಯ ಕೆಲವರಿಗಿದೆ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಹಿಂದಿನ ಪ್ರಬಂಧಗಳು ಎಲ್ಲರಿಗೂ ಸಿಗುತ್ತವೆ, ಪರೀಕ್ಷಕರು ಅವನ್ನು ಓದಿರುತ್ತಾರೆ.

ಶೀರ್ಷಿಕೆ ಬದಲಿಸಲು ನೋಂದಣಿಯ ಮೊದಲ ವರ್ಷಗಳೇ ಸರಿಯಾದ ಕಾಲ. ‘ಪ್ರಕಟಣೆಯಿಂದ ಗ್ರೂಪಿಗೆ, ಗ್ರೂಪಿನಿಂದ ಪತ್ರಿಕೆಗೆ: ಕೋಲಾರ ಜಿಲ್ಲೆಯ ತಾಲ್ಲೂಕೊಂದರಲ್ಲಿ ನೀರಿನ ಸುದ್ದಿಯ ಚಲನೆ’ ಎನ್ನುವ ಧಾಟಿಯಲ್ಲಿ ನಿಮ್ಮದೇ ಮಾತಿನಲ್ಲಿ ಒಂದನ್ನು ಬರೆದುಕೊಳ್ಳಿ. ಗೈಡ್ ಬಳಿ ಹೋಗುವ ಮುನ್ನ ಒಂದು ತಿಂಗಳು, ಒಪ್ಪಿದ ಒಂದೇ ಗ್ರೂಪು ಮತ್ತು ಒಂದೇ ಪತ್ರಿಕೆ ಇಟ್ಟುಕೊಂಡು ಮೂರು ಕಾಲಂನ ಶೀಟ್ ತುಂಬಿ ನೋಡಿ. ಬರೀ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಹಿಡಿದು ಹೋದರೆ ಚರ್ಚೆ ಸಿದ್ಧಾಂತದ ಮೇಲೇ ಸುತ್ತುತ್ತದೆ. ತುಂಬಿದ ಶೀಟ್ ಹಿಡಿದು ಹೋದರೆ ಗೈಡ್ ಆ ಸಾಲುಗಳನ್ನೇ ಓದಲು ಶುರು ಮಾಡುತ್ತಾರೆ. ಒಪ್ಪಿಗೆ ಪತ್ರದ ಕರಡು, ಕೋಡ್ ಬುಕ್ಕಿನ ಮೊದಲ ಎರಡು ಪುಟಗಳನ್ನೂ ಜೊತೆಗಿಟ್ಟು, ಶೀರ್ಷಿಕೆ ಬದಲಾವಣೆಯ ಅರ್ಜಿಯನ್ನು ಡಾಕ್ಟೊರಲ್ ಸಮಿತಿಯ ಮುಂದಿನ ಸಭೆಗೇ ಕೊಡಿ.